ನೀರೊಳಗಿನ ಕ್ಯಾಮೆರಾ, ಅಪ್‌ಡೇಟ್ 5: ಲೀಕ್ ಎಲ್ಲಿಂದ ಅಂತ ಕೊನೆಗೂ ಸಿಕ್ತು

ಭಾನುವಾರ ಕ್ಯಾಮೆರಾ ಇಟ್ಟ ಪಿವಿಸಿ ಡಬ್ಬಿನ ಕೇಬಲ್ ಸಮೇತ ಮತ್ತೆ ಕೋರೆಗೆ ಇಳಿಸಿದ್ವಿ. ಕಾರ್ಕಳ ಕಡೆ ಕಲ್ಲು ತೆಗೆದು ಬಿಟ್ಟಿರೋ ಹಳೇ ಕೋರೆ, ಮಾಲೀಕ್ರನ್ನ ಕೇಳ್ಕೊಂಡೇ ಹೋಗಿದ್ದು. ಭಾವ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು ನೋಡಿದ್ರು, 9 ಮಾರು, ಅಂದ್ರೆ ಹೆಚ್ಚುಕಡಿಮೆ 16 ಮೀಟರ್. ಮೊದಲ 10 ಮೀಟರ್ ವಿಡಿಯೋ ಚೆನ್ನಾಗೇ ಬಂತು, ಆಮೇಲೆ ಬರೀ ಹಸಿರು ಕತ್ತಲೆ, ಲೈಟ್ ಹಾಕಿದ್ರೆ ಎದುರಿಗೆ ತೇಲೋ ಧೂಳು ಬಿಟ್ರೆ ಏನೂ ಕಾಣಲ್ಲ, 14ರ ಹತ್ರ ಪಿಕ್ಚರ್ ಕಟ್.

ಎಳ್ಕೊಂಡು ಬಿಚ್ಚಿ ನೋಡಿದ್ರೆ ಒಳಗೆ ನಾಲ್ಕೈದು ಚಮಚ ನೀರು. ಮುಚ್ಚಳದಲ್ಲಿ ನೀರು ತಡೆಯೋ ರಬ್ಬರ್ ಬಳೆ, ಅಂದ್ರೆ ಓ-ರಿಂಗ್‌ಗೆ ಹಚ್ಚಿದ ಗ್ರೀಸ್ ಹಂಗೇ ಇದೆ, ಅದರ ಒಳಬದಿ ಒಣ, ಕೇಬಲ್ ಡಬ್ಬಿಯೊಳಗೆ ಹೋಗೋ ತೂತನ್ನ ಬಿಗಿಯಾಗಿ ಮುಚ್ಚೋ ಕೇಬಲ್ ಗ್ಲ್ಯಾಂಡ್ ಸುತ್ತನೂ ಒಣ. ಅರ್ಧ ಗಂಟೆ ತಲೆ ಕೆಡಿಸ್ಕೊಂಡು ಕೊನೆಗೆ ಕೇಬಲ್ ತುದಿನ ಬೆರಳಲ್ಲಿ ಹಿಂಡಿದೆ, ಬಣ್ಣದ ವೈರ್‌ಗಳ ಮಧ್ಯದಿಂದ ಒಂದು ಹನಿ ಬಂತು! ಡಬ್ಬಿಯಿಂದ ಎರಡು ಮೀಟರ್ ಮೇಲೆ ಕಪ್ಪು ಸಿಪ್ಪೆ ಕಲ್ಲಿಗೆ ಉಜ್ಜಿ ಉಗುರಿನಷ್ಟು ಸೀಳಿತ್ತು, ನೀರು ಅಲ್ಲಿ ಹೊಕ್ಕು ಸಿಪ್ಪೆ ಒಳಗಿನ ಸಂದಿಲೇ ಹರ್ಕೊಂಡು ಸೀದಾ ಡಬ್ಬಿಗೆ.

ನೀರಲ್ಲಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತೆ. ನನ್ನ 110 ಎಂಎಂ ಪಿವಿಸಿ ಮುಚ್ಚಳದ ಮೇಲೆ 16 ಮೀಟರ್‌ನಲ್ಲಿ ಸುಮಾರು 150 ಕೆಜಿ, ಅದನ್ನ ಅದು ತಡ್ಕೊಂಡಿದೆ. ಇದೇ ಮುಚ್ಚಳ 6000 ಮೀಟರ್‌ಗೆ ಹೋದ್ರೆ 57 ಟನ್ ಮೇಲೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮನುಷ್ಯರನ್ನ ಆಳ ಸಮುದ್ರಕ್ಕೆ ಇಳಿಸೋ ನೌಕೆ ಮತ್ಸ್ಯ 6000ಕ್ಕೆ 80 ಎಂಎಂ ದಪ್ಪದ ಟೈಟಾನಿಯಂ ಗೋಳ ಅಂತ ಹೇಳಿದಾಗ ನಾನು ಆ ದಪ್ಪಾನೇ ನೋಡ್ತಿದ್ದೆ, ಈಗ ಕಣ್ಣು ಹೋಗೋದು ಕಿಟಕಿ, ಬಾಗಿಲು, ವೈರ್ ಹೋಗೋ ತೂತುಗಳ ಕಡೆ. 1960ರಲ್ಲಿ ಜಾಕ್ ಪಿಕಾರ್, ಡಾನ್ ವಾಲ್ಷ್ ಆಳ ಸಮುದ್ರಕ್ಕೆ ಇಳಿಯೋ ನೌಕೆ ಟ್ರಿಯೆಸ್ಟ್‌ನಲ್ಲಿ ಮರಿಯಾನಾ ಕಂದಕಕ್ಕೆ ಇಳೀತಿದ್ದಾಗ 9000 ಮೀಟರ್ ದಾಟಿದ ಮೇಲೆ ಬಿರುಕು ಬಿಟ್ಟಿದ್ದೂ ಹೊರಗಿನ ಒಂದು ಕಿಟಕಿ, ಅದಾದ್ಮೇಲೂ ಇಬ್ರೂ ತಳ ಮುಟ್ಟಿ ಬಂದ್ರು, ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ. ವೈರ್ ಬೇಡ ಅನ್ನೋಕೂ ಆಗಲ್ಲ, ರೇಡಿಯೋ ಸಿಗ್ನಲ್ ನೀರಲ್ಲಿ ಸ್ವಲ್ಪ ದೂರಕ್ಕೇ ಸತ್ತೋಗುತ್ತೆ.

ಸಿಪ್ಪೆ ಮತ್ತೆ ಸೀಳಿದ್ರೂ ಒಳಗೆ ಬಂದ ನೀರು ಡಬ್ಬಿ ಮುಟ್ಟದ ಹಾಗೆ ದಾರಿಗೇ ಅಡ್ಡ ಕಟ್ಟಬೇಕು, ರಿಪೇರಿ ಹೀಗೆ ಮಾಡ್ದೆ. ಡಬ್ಬಿ ಹತ್ರ 3 ಸೆಂ.ಮೀ. ಸಿಪ್ಪೆ ತೆಗೆದು, ಎಂಟೂ ವೈರ್‌ಗಳ ಪ್ಲಾಸ್ಟಿಕ್ ಒಂದೊಂದು ಸೆಂ.ಮೀ. ಕೆರೆದು, ತಾಮ್ರಕ್ಕೆ ಸ್ಯಾಂಡ್‌ಪೇಪರ್ ಉಜ್ಜಿ, ಒಂದಕ್ಕೊಂದು ತಾಗದ ಹಾಗೆ ಬಿಡಿಸಿ, ಪೈಪ್ ತುಂಡಲ್ಲಿಟ್ಟು ಸಿರಿಂಜ್‌ನಲ್ಲಿ ಎಪಾಕ್ಸಿ (ಕಲ್ಲಿನ ಹಾಗೆ ಗಟ್ಟಿಯಾಗೋ ಅಂಟು) ಬಿಟ್ಟೆ. ಮೊದಲನೇದ್ರಲ್ಲಿ ಗುಳ್ಳೆ ಕೂತು ಹಾಳಾಯ್ತು, ಎರಡನೇ ಸಲ ನಿಧಾನಕ್ಕೆ ತಳದಿಂದ ತುಂಬಿಸಿದೆ. ಟೆಸ್ಟ್‌ಗೆ ಅಡಿಕೆಗೆ ಮದ್ದು ಬಿಡೋ ಪಂಪ್! ಜಾಯಿಂಟನ್ನ ನೀರು ತುಂಬಿದ ಪೈಪಲ್ಲಿ ಕೂರಿಸಿ, ಸೀಳಿದ ಕೇಬಲ್ ಒಳಗೇ ಇರೋ ಹಾಗೆ ಬಿಟ್ಟು, ಗೇಜ್ ಚದರ ಸೆಂ.ಮೀ.ಗೆ 3 ಕೆಜಿ, ಅಂದ್ರೆ ಸುಮಾರು 30 ಮೀಟರ್ ಆಳದ ಒತ್ತಡ ತೋರಿಸೋವರೆಗೆ ಒತ್ತಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಹೊರಗಿನ ತುದಿಗೆ ಸುತ್ತಿದ್ದ ಟಿಶ್ಯೂ ಪೇಪರ್ ಗರಿಗರಿ ಒಣ.

ಇನ್ನೊಂದು, ತೇಲೋಕೆ ಕಟ್ಟಿದ್ದ ಥರ್ಮಕೋಲ್ ಒತ್ತಡಕ್ಕೆ ಕುಗ್ಗಿದೆ, ಕೆಳಗೆ ಹೋದಂಗೆ ಡಬ್ಬಿ ಭಾರ ಆಗ್ತಿದ್ದಿದ್ದು ಅದಕ್ಕೇ. ಮುಂದಿನ ಭಾನುವಾರದೊಳಗೆ ಎರಡೂ ಕಡೆ ಮುಚ್ಚಿದ ಖಾಲಿ ಪೈಪ್ ಕಟ್ಟಿ ನೋಡ್ತೀನಿ.