ಮಳೆಗಾಲದ ಹಿತ್ತಿಲು: ಸೌತೆ ಕೈಹಿಡಿಯಿತು, ಬದನೆ ಸೊರಗಿತು

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಹಿತ್ತಿಲಿನಲ್ಲಿ ಈ ಸಲ ಮೃಗಶಿರ ಮಳೆ ಹಿಡಿಯುವ ಮೊದಲೇ ಆರು ಏರುಮಡಿಗಳನ್ನು ಸಿದ್ಧಪಡಿಸಿದ್ದೆ. ನಮ್ಮದು ಜಂಬಿಟ್ಟಿಗೆಯ ಹುಳಿ ಮಣ್ಣಾದ್ದರಿಂದ ಮೇ ತಿಂಗಳಲ್ಲಿಯೇ ಸುಣ್ಣ ಬೆರೆಸಿ, ಆಮೇಲೆ ಕೊಟ್ಟಿಗೆ ಗೊಬ್ಬರ ಮತ್ತು ಸುಡುಮಣ್ಣು ಹಾಕಿ, ಮೇಲೆ ದರಗು (ಒಣಗಿದ ಎಲೆ) ಹೊದಿಸಿದ್ದೆ. ಈಗ ಉತ್ತರೆ ಮಳೆ ನಡೆಯುತ್ತಿದೆ. ಇಲ್ಲಿಯವರೆಗಿನ ಲೆಕ್ಕವನ್ನು ಬರೆದಿಡುತ್ತಿದ್ದೇನೆ.

ಅಡಿಕೆ ದಬ್ಬೆಯ ಚಪ್ಪರಕ್ಕೆ ಹಬ್ಬಿಸಿದ ಆರು ಸೌತೆ ಬಳ್ಳಿಗಳು ಪುಷ್ಯ ಮಳೆಯ ಹೊತ್ತಿಗೆ ಕಾಯಿ ಕೊಡಲಾರಂಭಿಸಿ ಒಟ್ಟು 31 ಕಾಯಿ ಕೊಟ್ಟವು. ಮೊದಲ ಕಾಯಿಗಳಿಗೆ ಹಣ್ಣುನೊಣ ಚುಚ್ಚಿ ಮೊಟ್ಟೆಯಿಟ್ಟಿದ್ದರಿಂದ ಅವು ಒಳಗಿನಿಂದ ಕೊಳೆತವು. ಹೂವಿನ ಎಸಳು ಬಾಡಿದ ಕೂಡಲೇ ಹಳೆಯ ಸೊಳ್ಳೆಪರದೆಯ ತುಂಡಿನಿಂದ ಹೊಲಿದ ಚೀಲವನ್ನು ಮಿಡಿಗಳಿಗೆ ತೊಡಿಸತೊಡಗಿದ ಮೇಲೆ ಒಂದೂ ಹಾಳಾಗಲಿಲ್ಲ. ಮನೆಯಲ್ಲಿ ನಾಲ್ಕು ಸಲ ಸೌತೆಕಾಯಿ ಕಡುಬು ಆಯಿತು. ಬೆಂಡೆಗೆ ಹಳದಿ ನಂಜುರೋಗವನ್ನು ತಡೆಯುವ ಅರ್ಕಾ ಅನಾಮಿಕ ತಳಿಯನ್ನು ಆರಿಸಿಕೊಂಡಿದ್ದೆ, ಫಸಲು ಸಾಧಾರಣ.

ಹೀರೆಯ ಬಳ್ಳಿ ಚೆನ್ನಾಗಿ ಹಬ್ಬಿದರೂ ಹೆಣ್ಣುಹೂಗಳು ಹೀಚಿನಲ್ಲೇ ಹಳದಿಯಾಗಿ ಉದುರುತ್ತಿದ್ದವು. ಹೀರೆ ಹೂ ಅರಳುವುದು ಸಂಜೆ, ಈ ವರ್ಷ ಮಳೆ ಬಿಡದೆ ಹೊಯ್ದದ್ದೂ ಸಂಜೆಯೇ, ಹುಳುಗಳು ಹಾರುವುದೆಂತು? ದೀಪ ಹಚ್ಚುವ ಹೊತ್ತಿಗೆ ಗಂಡುಹೂವನ್ನು ಕಿತ್ತು ಹೆಣ್ಣುಹೂವಿನ ನಡುವಿಗೆ ಮೆಲ್ಲನೆ ಒರೆಸಿದ ಹನ್ನೊಂದು ಹೂಗಳಲ್ಲಿ ಎಂಟು ಕಾಯಾದವು.

ನನ್ನನ್ನು ಹೆಚ್ಚು ಕಂಗೆಡಿಸಿದ್ದು ಬದನೆ. ಪುನರ್ವಸು ಮಳೆಯಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾದಾಗ, ಹೂ ಬಿಡುತ್ತಿದ್ದ ಗಿಡಗಳ ಎಲೆಗಳು ಹಸಿರಾಗಿದ್ದಂತೆಯೇ ಮಧ್ಯಾಹ್ನ ಜೋತುಬಿದ್ದು, ರಾತ್ರಿ ಚೇತರಿಸಿಕೊಂಡು, ಮರುದಿನ ಮತ್ತೆ ಜೋತುಬೀಳುತ್ತಿದ್ದವು. “ಬುಡದಲ್ಲಿ ನೀರು ನಿಂತಿರಬೇಕು ಕಣೋ, ಬಸಿಗಾಲುವೆ ಬಿಡಿಸು” ಎಂದರು ಅಮ್ಮ. ನನಗೂ ಹಾಗೇ ತೋರಿ ಮೇಲಿನ ಮಡಿಯ ನೀರು ಕೆಳಗಿನ ಮಡಿಯ ಪಕ್ಕದಲ್ಲಿ ಹರಿದುಹೋಗುವಂತೆ ಕಾಲುವೆ ತೆಗೆದೆ. ವಾರದೊಳಗೆ ಕೆಳಗಿನ ಮಡಿಯ ಬದನೆಯೂ, ಅದರಾಚೆಯ ಮೆಣಸಿನ ಗಿಡಗಳೂ ಸೊರಗಿದವು.

ಆಗ ಒಂದು ಗಿಡದ ಕಾಂಡವನ್ನು ಬುಡದ ಬಳಿ ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿದೆ. ಐದು ನಿಮಿಷದೊಳಗೆ ಕೊಯ್ದ ಬಾಯಿಯಿಂದ ಹಾಲಿನಂಥ ಬಿಳಿ ಎಳೆಗಳು ನೇರವಾಗಿ ಕೆಳಗಿಳಿಯತೊಡಗಿದವು. ಅದು ದುಂಡಾಣು ಸೊರಗು ರೋಗದ ಗುರುತು. ಈ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹರಿಯುವ ನೀರಿನೊಂದಿಗೆ ಮಡಿಯಿಂದ ಮಡಿಗೆ ಹೋಗುತ್ತದೆ, ಕಾಂಡದೊಳಗಿನ ನೀರಿನ ನಾಳಗಳನ್ನು ಮುಚ್ಚಿಬಿಡುತ್ತದೆ. ಲೋಟವನ್ನು ಮೊದಲೇ ಹಿಡಿದಿದ್ದರೆ ನಾನು ಆ ಕಾಲುವೆಯನ್ನು ಅಲ್ಲಿ ತೆಗೆಯುತ್ತಿರಲಿಲ್ಲ. ಹದಿನಾಲ್ಕು ಬದನೆ, ಒಂಬತ್ತು ಮೆಣಸಿನ ಗಿಡಗಳನ್ನು ಬೇರುಸಹಿತ ಕಿತ್ತು ಒಲೆಗೆ ಹಾಕಿದೆವು.

ಈ ರೋಗವನ್ನು ತಾಳಿಕೊಳ್ಳುವ ಬೇರು ಬೇಲಿಯಂಚಿನ ಸುಂಡೆ ಗಿಡಕ್ಕಿದೆ, ಅದು ಬದನೆಯ ಕುಲದ್ದೇ ಕಾಡುಗಿಡ. ಪುಷ್ಯ ಮಳೆಯಲ್ಲಿ ಹನ್ನೆರಡು ಎಳೆ ಸುಂಡೆ ಗಿಡಗಳನ್ನು ಕುಂಡಕ್ಕೆ ತಂದು, ತುದಿ ಕತ್ತರಿಸಿ, ಸೀಳಿದ ಕಾಂಡಕ್ಕೆ ಊರ ಬದನೆಯ ಸಸಿಯನ್ನು ಬೆಣೆಯಂತೆ ಚೂಪುಮಾಡಿ ಸೇರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. ಹತ್ತು ದಿನ ಜಗಲಿಯ ನೆರಳಿನಲ್ಲಿ ಪಾರದರ್ಶಕ ಚೀಲ ಮುಚ್ಚಿಟ್ಟೆ. ಐದು ಕೊಳೆತವು, ಏಳು ಕೂಡಿಕೊಂಡವು. ಅವುಗಳನ್ನು ಆಶ್ಲೇಷ ಮಳೆಯ ಕೊನೆಗೆ, ರೋಗ ಬಂದ ಅದೇ ಮಡಿಯಲ್ಲಿ, ಕಸಿಯ ಗಂಟು ಮಣ್ಣಿಗೆ ತಾಗದಂತೆ ನೆಟ್ಟು, ಪಕ್ಕದಲ್ಲಿ ಕಸಿಯಿಲ್ಲದ ಮೂರು ಸಸಿಗಳನ್ನೂ ಪರೀಕ್ಷೆಗೆಂದು ಇಟ್ಟೆ.

ಮೂರರಲ್ಲಿ ಎರಡು ಈಗಾಗಲೇ ಸೊರಗಿವೆ. ಕಸಿಯ ಏಳೂ ನಿಂತಿವೆ. ಒಂದರಲ್ಲಿ ನೇರಳೆ ಹೂ ಬಿಟ್ಟಿದೆ. ಕೆಳಗಿನ ಮಡಿಗೆ ಈ ರೋಗ ತಗಲದ ಅಲಸಂದೆ ಬಿತ್ತಿದ್ದೇನೆ, ಕಾಲುವೆಯ ಬಾಯನ್ನು ಬೇಲಿಯಾಚೆಗೆ ತಿರುಗಿಸಿದ್ದೇನೆ. ಗಂಟಿನ ಕೆಳಗಿನಿಂದ ಸುಂಡೆಯ ಚಿಗುರು ಹೊರಡುತ್ತಿರುವುದರಿಂದ ವಾರಕ್ಕೊಮ್ಮೆ ಅದನ್ನು ಚಿವುಟಬೇಕಾಗಿದೆ.