ತಾಳಿ ಕಟ್ಟುವ ಹೊತ್ತಲ್ಲಿ ಅಜ್ಜಿಗೆ ಅಡ್ಡ ಬಂದದ್ದು

ನಾನು ಮೈಸೂರಲ್ಲಿ ಟೂರಿಸ್ಟ್ ಗೈಡ್. ಅರಮನೆ, ಶ್ರೀರಂಗಪಟ್ಟಣ, ಸೋಮನಾಥಪುರ ತೋರಿಸುವುದು ನನ್ನ ದಿನದ ಕೆಲಸ. ಆದರೆ ಈ ಕೆಲಸದ ದೊಡ್ಡ ಪಾಠ ಕಲಿತದ್ದು ಮಂಡ್ಯ ಕಡೆಯ ಒಂದು ಮದುವೆ ಚಪ್ಪರದಲ್ಲಿ.

ನಮ್ಮ ಕಾರ್ ಡ್ರೈವರ್‌ನ ಅಕ್ಕನ ಮಗಳ ಮದುವೆ. ಆ ವಾರ ನನ್ನ ಜೊತೆ ಜರ್ಮನಿಯ ಗಂಡ ಹೆಂಡತಿ ಇದ್ದರು. "ಅವರನ್ನೂ ಕರ್ಕೊಂಡು ಬನ್ನಿ ಸಾರ್" ಅಂದ. ದಾರಿಯುದ್ದಕ್ಕೂ ಒಂದೊಂದೇ ಶಾಸ್ತ್ರ ವಿವರಿಸಿದೆ. ಎಲ್ಲಿ ನಿಲ್ಲಬೇಕು ಅನ್ನೋದನ್ನು ಮಾತ್ರ ಹೇಳಲಿಲ್ಲ.

ಮನೆಯವರು ಅವರನ್ನು ಮುಂದೆಯೇ ಕೂರಿಸಿದರು. ದೂರದಿಂದ ಬಂದವರನ್ನು ಹಿಂದೆ ಕೂರಿಸ್ತಾರಾ? ಅಂತರಪಟ ಸರಿಯಿತು. ಹುಡುಗ ಹುಡುಗಿ ಒಬ್ಬರ ತಲೆ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಿದರು. ಆ ಜರ್ಮನಿಯ ಯಜಮಾನರು ಕ್ಯಾಮೆರಾ ಹಿಡಿದು ಎದ್ದು ಹಸೆಮಣೆ ಹತ್ತಿರಕ್ಕೇ ಹೋದರು. "ಗಟ್ಟಿಮೇಳ, ಗಟ್ಟಿಮೇಳ" ಅಂತ ಪುರೋಹಿತರು ಕೂಗಿದರು, ಓಲಗ ಜೋರಾಯಿತು, ತಾಳಿ ಕಟ್ಟಿದ್ದೂ ಆಯಿತು.

ತಿರುಗಿ ನೋಡಿದೆ. ಹುಡುಗಿಯ ಅಜ್ಜಿ ಚಪ್ಪರದ ಕಂಬ ಹಿಡಿದು ನಿಂತು, ಆ ಎತ್ತರದ ಬೆನ್ನಿನ ಆಚೆ ಈಚೆ ಕತ್ತು ಚಾಚುತ್ತಿದ್ದರು. ಅಕ್ಷತೆ ಇನ್ನೂ ಮುಷ್ಟಿಯಲ್ಲೇ ಇತ್ತು. ಕೈ ಬಿಚ್ಚಿದಾಗ ಅರಿಶಿನದ ಕಾಳುಗಳು ಬೆವರಿಗೆ ಅಂಗೈಗೇ ಅಂಟಿಕೊಂಡಿದ್ದವು. ಯಾರೂ ಒಂದು ಮಾತು ಆಡಲಿಲ್ಲ. ಮನೆಗೆ ಬಂದವರಿಗೆ ಅವರು ಹೇಗೆ ಹೇಳಿಯಾರು? ಹೇಳಬೇಕಿದ್ದವನು ನಾನು. ಅಜ್ಜಿ ಹತ್ತಿರ ಹೋಗಿ ತಪ್ಪಾಯ್ತು ಅಂದೆ. "ಹೋಗ್ಲಿ ಬುಡಪ್ಪ, ಮೊದ್ಲು ಅವ್ರಿಗೆ ಊಟ ಮಾಡ್ಸು" ಅಂದರು.

ಈಗ ಪ್ರವಾಸಿಗರನ್ನು ಮದುವೆಗೆ ಕರೆದೊಯ್ಯುವುದಾದರೆ ಹೊರಡುವ ಮೊದಲೇ ಅವರ ಜೊತೆ ಮಾತಾಡಿಕೊಳ್ಳುತ್ತೇನೆ. ಅಂತರಪಟ ಹಿಡಿದ ಕೂಡಲೇ ಕ್ಯಾಮೆರಾ ಬ್ಯಾಗಿಗೆ. ಅಂಗೈಗೆ ಅಕ್ಷತೆ ಹಾಕಿ, ಹಿರಿಯರ ಹಿಂದೆ ನಿಲ್ಲಿಸುತ್ತೇನೆ. ಗಟ್ಟಿಮೇಳ ಕೇಳುವವರೆಗೂ ಹಾಕಬೇಡಿ ಅಂತ ಹೇಳಿರುತ್ತೇನೆ. ಆಗ ಅವರೂ ಕಿವಿಗೊಟ್ಟು ಕಾಯುತ್ತಾರೆ, ಫೋಟೋ ನೆನಪೇ ಬರಲ್ಲ. ಪಂಕ್ತಿಯಲ್ಲಿ ಎಲೆಯ ತುದಿ ಎಡಕ್ಕಿರಲಿ, ಬಲಗೈಯಲ್ಲೇ ಊಟ, ಎಲ್ಲರದೂ ಮುಗಿಯೋವರೆಗೆ ಏಳಬಾರದು. "ಸಾಕು" ಅನ್ನೋ ಮಾತನ್ನಂತೂ ಬಾಯಿಪಾಠ ಮಾಡಿಸುತ್ತೇನೆ. ಅದಿಲ್ಲದಿದ್ದರೆ ಬಡಿಸುವವರು ನಿಲ್ಲಿಸುವುದೇ ಇಲ್ಲ.

ಮುಯ್ಯಿ, ಅಂದರೆ ಮದುವೆಯಲ್ಲಿ ಕೊಡುವ ದುಡ್ಡಿನ ವಿಷಯಕ್ಕೆ ಜಾಸ್ತಿ ಹೊತ್ತು ಬೇಕು. 500 ಅಲ್ಲ, 501 ಯಾಕೆ ಅಂತ ಕೇಳುತ್ತಾರೆ. ಸೊನ್ನೆಯಲ್ಲಿ ಮುಗಿಸಬಾರದು, ಆ ಒಂದು ರೂಪಾಯಿ ಲೆಕ್ಕ ಮುಂದುವರಿಯಲಿ ಅಂತ, ಅನ್ನುತ್ತೇನೆ. ಇದು ಸುಮ್ನೆ ಕೊಡುವ ಗಿಫ್ಟ್ ಅಲ್ಲ, ಪುಸ್ತಕದಲ್ಲಿ ಬರೆದುಕೊಂಡು ನಾಳೆ ನಿಮ್ಮ ಮನೆ ಮದುವೆಗೆ ತೀರಿಸುವಂಥದ್ದು ಅಂತಲೂ ಹೇಳುತ್ತೇನೆ.

ಹೋದ ಸಲ ಮುಯ್ಯಿ ಬರೆಯುತ್ತಿದ್ದ ಹುಡುಗ "ಯಾವೂರು?" ಅಂತ ಕೇಳಿದ. ನನ್ನ ಜೊತೆ ಬಂದಿದ್ದ ಫ್ರಾನ್ಸಿನ ಅಮ್ಮ ತಮ್ಮ ಊರಿನ ಹೆಸರು ಹೇಳಿದರು. ಅವನು ಎರಡು ಸಲ ಕೇಳಿಸಿಕೊಂಡು ಕನ್ನಡದಲ್ಲಿ ಬರೆದ. ಪಕ್ಕದಲ್ಲಿದ್ದ ಹುಡುಗಿಯ ಅಪ್ಪ, "ಅವರ ಮನೇಲಿ ಮದುವೆ ಯಾವಾಗ ಅಂತ ಕೇಳಿ ಸಾರ್, ನಾವೂ ತೀರಿಸಬೇಕಲ್ಲ" ಅಂದರು. ಮಗಳು ಇನ್ನೂ ಓದುತ್ತಿದ್ದಾಳೆ ಅಂದರು ಆಯಮ್ಮ. ಅದನ್ನೂ ತಿಳಿಸಿದೆ.