ಪೆಟ್ಟಿಗೆ ದೋಣಿ: ಸಂಕ್ರಾಂತಿಯಿಂದ ಯುಗಾದಿವರೆಗೆ

ಸಂಕ್ರಾಂತಿ ಕಳೆದ ವಾರ

ತಾರಸಿ ಮೇಲೆ 6 ಮಿ.ಮೀ. ದಪ್ಪದ ಮೂರು ಪ್ಲೈವುಡ್ ಶೀಟು ಬಂದು ಕೂತಿವೆ. ನೀರಿಗೆ ಬಿಟ್ಟುಕೊಳ್ಳದ ಬಿಡಬ್ಲ್ಯೂಪಿ ಮಾಲು, 6,900 ರೂಪಾಯಿ. ನಾನು ಕಟ್ಟಹೊರಟಿರುವ ಪಡಲ್ ಡಕ್ ರೇಸರ್ ಎಂಬ ಪುಟ್ಟ ಹಾಯಿದೋಣಿಯ ನಕ್ಷೆ ಬಿಟ್ಟಿ ಸಿಗುತ್ತದೆ. 8 ಅಡಿ ಉದ್ದ, 4 ಅಡಿ ಅಗಲ, ಅಂದರೆ ಒಂದು ಶೀಟಿನಷ್ಟೇ. ತಳದಿಂದ 10 ಅಂಗುಲದವರೆಗೆ ಎಲ್ಲರ ದೋಣಿಗೂ ಒಂದೇ ಆಕಾರ. ಅದರ ಮೇಲೆ ಅವರವರ ಇಷ್ಟ, ಅವರವರ ಜೇಬು.

ಚೆಂದವೇನೂ ಇಲ್ಲ. ಚಿಕ್ಕಪ್ಪ ಬಂದು ನೋಡಿ, "ಇದೇನೋ, ಎಮ್ಮೆಗೆ ಕಲಗಚ್ಚಿನ ಬಾನಿ ಮಾಡ್ತಿದ್ದೀಯಾ?" ಅಂದರು.

ಫೆಬ್ರವರಿ ಮೊದಲ ವಾರ

ಎಪಾಕ್ಸಿ ಅಂಟು ಕೈಕೊಟ್ಟಿತು. ಬೆಳಗಿನ ಚಳಿಗೆ ಅಂಟು ನಿಧಾನವಾಗಿ ಗಟ್ಟಿಯಾಗುತ್ತದೆ ಅಂತ ನಾನು ಬುದ್ಧಿವಂತಿಕೆ ಮಾಡಿ, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಒಂದಿಷ್ಟು ಜಾಸ್ತಿ ಸುರಿದೆ. ಎಲೆಯಡಿಕೆಗೆ ಸುಣ್ಣ ಜಾಸ್ತಿಯಾದರೆ ಬಾಯಿ ಸುಡುತ್ತದೆ, ಇದೂ ಹಾಗೇ. ಅಳತೆ ತಪ್ಪಿದ ಎಪಾಕ್ಸಿ ಯಾವತ್ತಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಎರಡು ಭಾನುವಾರ ಬ್ಲೇಡಿನಲ್ಲಿ ಅದನ್ನು ಕೆರೆದಿದ್ದೇ ಕೆಲಸ. ಈಗ ಅಡುಗೆಮನೆಯ ತಕ್ಕಡಿ ತಾರಸಿಗೆ ಬಂದಿದೆ. ಅಮ್ಮನಿಗೆ ಹೇಳಿಲ್ಲ.

ಶಿವರಾತ್ರಿ

ಸಂತೇಪೇಟೆಯಿಂದ ಹಗ್ಗ, ಹಾಯಿಗೆ ನೀಲಿ ಟಾರ್ಪಾಲು ತಂದೆ. ಹಾಯಿಕಂಬಕ್ಕೆ ಬಿದಿರು. ಟಾರ್ಪಾಲನ್ನು ನೇರಕ್ಕೆ ಕತ್ತರಿಸಿದರೆ ಅದು ಬರೀ ಪರದೆ. ಕಂಬದ ಕಡೆಯ ಅಂಚನ್ನು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿಸಿ ಕತ್ತರಿಸಬೇಕು. ಆ ಅಂಚನ್ನು ನೇರ ಕಂಬಕ್ಕೆ ಬಿಗಿದಾಗ ಉಳಿದ ಬಟ್ಟೆ ಹಿಂದೆ ಸರಿದು ಹೊಟ್ಟೆಯಾಗುತ್ತದೆ. ಗಾಳಿಯನ್ನು ದುಡಿಸುವುದು ಆ ಹೊಟ್ಟೆಯೇ. ದರ್ಜಿ ಸೂಜಿ ಮುರಿಯುತ್ತದೆ ಅಂತ ಕೈಯೆತ್ತಿದರು. ಬ್ಯಾಗ್ ರಿಪೇರಿಯವರು 120 ರೂಪಾಯಿಗೆ ಹೊಲಿದುಕೊಟ್ಟರು.

ಜಿಪುಣತನ ಮಾಡದೆ ಕೊಂಡಿದ್ದು ಲೈಫ್ ಜಾಕೆಟ್ ಒಂದೇ. ದೋಣಿ ಮಗುಚಿದರೂ ಮುಳುಗದಿರಲಿ ಅಂತ ಒಳಗೆ ನಾಲ್ಕು ಖಾಲಿ 20 ಲೀಟರ್ ನೀರಿನ ಕ್ಯಾನು ಬಿಗಿದಿದ್ದೇನೆ.

ಮಾರ್ಚ್, ಮೊದಲ ಸಲ ನೀರಿಗೆ

ಕೇಳಬೇಕಾದವರನ್ನು ಕೇಳಿ, ಗೂಡ್ಸ್ ಆಟೊದಲ್ಲಿ ಮೀನಾಕ್ಷಿಪುರದ ಹತ್ತಿರ ಕೆಆರ್‌ಎಸ್ ಹಿನ್ನೀರಿಗೆ ಹೋದೆವು. ಮೂಡಣ ಗಾಳಿ. ಹಾಯಿ ಎತ್ತಿದ್ದೇ ತಡ, ದೋಣಿ ಪಡುವಣಕ್ಕೆ ಹೊರಟೇಬಿಟ್ಟಿತು. ತಿರುಗಿ ಬರುವುದು ಮಾತ್ರ ಆಗಲಿಲ್ಲ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು, ಓರೆಯಾಗಿ ಅಡ್ಡಾಡಿಕೊಂಡೇ ಬರಬೇಕು. ನನ್ನದು ಓರೆಯಾಗಿಯೂ ಬರದೆ ಏಡಿಯ ಹಾಗೆ ಪಕ್ಕಕ್ಕೆ ಜಾರುತ್ತಿತ್ತು. ಹಾಗೆ ಜಾರದಂತೆ ತಡೆಯಲು ಪಕ್ಕದಲ್ಲಿ ನೀರಿಗಿಳಿಸುವ ಹಲಗೆ ಚಿಕ್ಕದಾಗಿತ್ತು.

ಕೊನೆಗೆ ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದ ಯಜಮಾನರು ಹಗ್ಗ ಎಸೆದು ಎಳೆದುತಂದರು. "ಓಗಾಕೆ ಗಾಳಿ ಬೇಕು, ಬರಾಕೆ ನಾನು ಬೇಕಾ ಸಾ?" ಅಂದರು. ಕಾಸು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಯುಗಾದಿ ಆದ ಮೇಲೆ

ಹಲಗೆಯನ್ನು ಮೂರಡಿ ಉದ್ದ, ಹತ್ತು ಅಂಗುಲ ಅಗಲ ಮಾಡಿದೆ. ಈಗ ಬರುತ್ತೆ! ಎಡಕ್ಕೊಂದು ಓಟ, ಬಲಕ್ಕೊಂದು ಓಟ, ಆರೇಳು ಸಲ ತಿರುಗಿಸಿದರೆ ಹೊರಟ ಜಾಗಕ್ಕೆ ವಾಪಸ್. ನಡೆದು ಹೋಗುವವನ ವೇಗವೂ ಇರಲಿಕ್ಕಿಲ್ಲ. ಆದರೆ ತೆಳು ಪ್ಲೈವುಡ್‌ನ ಮೇಲೆ ಕೂತರೆ ಅಡಿಯಲ್ಲಿ ನೀರು ಗುಳುಗುಳು ಅನ್ನುವುದು ಬೆನ್ನುಮೂಳೆಗೇ ಕೇಳಿಸುತ್ತದೆ. ಗಾಳಿ ಏರಿದಾಗ ಕೈಯಲ್ಲಿರುವ ಹಗ್ಗ ಕರುವಿನ ಹಾಗೆ ಜಗ್ಗುತ್ತದೆ. ಬಂಡೆಗೆ ಉಜ್ಜಿದರೂ ಹೊಟ್ಟೆಯುರಿಯಿಲ್ಲ. ಬಣ್ಣ ಗೇಟಿಗೆ ಬಳಿದು ಉಳಿದದ್ದು. ಇಲ್ಲಿಯವರೆಗೆ ಒಟ್ಟು 14,350 ರೂಪಾಯಿ.

ಪೇಪರಿನಲ್ಲಿ ಕೆಆರ್‌ಎಸ್ ನೀರಿನ ಮಟ್ಟ ನೋಡುವ ಚಟ ಹತ್ತಿದೆ. ಮಂಡ್ಯದ ನಮ್ಮ ಮಾವ ನಾಲೆಗೆ ನೀರು ಬಿಟ್ಟಾರೋ ಇಲ್ಲವೋ ಅಂತ ನೋಡಿದರೆ, ನಾನು ದೋಣಿ ಎಷ್ಟು ದೂರ ಹೊರಬೇಕು ಅಂತ. ಕಟ್ಟೆ ತುಂಬಿದರೆ 124.80 ಅಡಿ. ಈಗ ಇಳಿಯುತ್ತಾ ಇದೆ, ಹೋದ ಸಲ ದೋಣಿ ಇಳಿಸಿದ ಜಾಗದಲ್ಲಿ ಇವತ್ತು ದನ ಮೇಯುತ್ತಿದ್ದವು. ಕೆಸರಲ್ಲಿ ಇನ್ನೂರು ಹೆಜ್ಜೆ ಎಳೆದೆವು.

ಹರಿಗೋಲಿನ ಯಜಮಾನರನ್ನು ಒಂದು ಸುತ್ತು ಕರೆದೊಯ್ದೆ. ಚುಕ್ಕಾಣಿ ಹಿಡಿದು ಬೀಡಿ ಹಚ್ಚುವುದನ್ನೂ ಮರೆತರು. ದಡಕ್ಕೆ ಬಂದ ಮೇಲೆ, "ಆಸಾಡದ ಗಾಳೀಲಿ ಇದನ್ನ ತರಬ್ಯಾಡಿ ಸಾ" ಅಂತ ಮಾತ್ರ ಅಂದರು. ಅಷ್ಟರೊಳಗೆ ಹಾಯಿಯನ್ನು ಅರ್ಧಕ್ಕೆ ಮಡಚಿ ಕಟ್ಟಲು ಒಂದು ಸಾಲು ದಾರ ಹೊಲಿಸಬೇಕು. ಬ್ಯಾಗ್ ರಿಪೇರಿಯವರು ಊರಿಗೆ ಹೋಗಿದ್ದಾರಂತೆ.